ಪದಚರ್ಚೆ: ಅತಿಥಿ, ಆತಿಥೇಯ, ಚಾಲಕ – ವಿಎಂ ನೆಟ್‌ವರ್ಕ್ ಡ್ರೈವರ್ ಬಗ್ಗೆ ಬರೆಯುವಾಗ ಎದುರಾದ ತೊಡಕು

ನಮಸ್ಕಾರ ಎಲ್ಲರಿಗೂ,

ಸ್ವಲ್ಪ ಉದ್ದದ ಪ್ರಶ್ನೆ, ಬಿಡುವಾದಾಗ ಓದಿ. ವರ್ಚುವಲ್ ಮಶೀನಿಗೆ (ವಿಎಂ, ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಓಡಿಸುವ ಇನ್ನೊಂದು ಕಂಪ್ಯೂಟರ್) ನೆಟ್‌ವರ್ಕ್ ಡ್ರೈವರ್, ಅಂದರೆ ನೆಟ್‌ವರ್ಕ್ ಕಾರ್ಡಿನ ಜೊತೆ ಮಾತಾಡುವ ಪ್ರೋಗ್ರಾಮು, ಬರೆಯೋದು ಹೇಗೆ, ಅದು ಕೈಕೊಟ್ಟರೆ ಎಲ್ಲಿ ಹುಡುಕಬೇಕು ಅಂತ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ಇಂಜಿನಿಯರಿಂಗ್ ಮೂರನೇ ವರ್ಷದ ಮಕ್ಕಳು, ಹೆಚ್ಚಿನವರು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಪದಗಳು ಅವರಿಗೆ ಗೊತ್ತು, ಆದರೆ ಒಂದು ವಾಕ್ಯ ಪೂರ್ತಿ ಇಂಗ್ಲಿಷಿನಲ್ಲಿ ಬಂದರೆ ಎಡವುತ್ತಾರೆ. ಹಾಗಾಗಿ ಆದಷ್ಟು ಕನ್ನಡ ಪದ ಹಾಕೋಣ ಅಂತ ಹೊರಟೆ. ಹಾಕಿದ ಒಂದು ಪದ ಒಬ್ಬ ಹುಡುಗನ ಎರಡು ದಿನ ತಿಂದುಹಾಕಿತು, ಅದನ್ನೇ ಮೊದಲು ಹೇಳುತ್ತೇನೆ.

ವಿಎಂ ವಿಷಯದಲ್ಲಿ ಎರಡು ಪದ ಇಲ್ಲದೆ ಮಾತೇ ಆಗಲ್ಲ. ಗೆಸ್ಟ್ ಅಂದರೆ ಒಳಗೆ ಓಡುತ್ತಿರುವ ಮಶೀನು, ಹೋಸ್ಟ್ ಅಂದರೆ ಅದನ್ನು ಓಡಿಸುತ್ತಿರುವ ನಿಜವಾದ ಕಂಪ್ಯೂಟರ್. ನಾನು ಎಲ್ಲರೂ ಮಾಡುವಂತೆ ಅತಿಥಿ, ಆತಿಥೇಯ ಅಂತ ಹಾಕಿದೆ. ನೋಡಲು ಚೆನ್ನಾಗಿತ್ತು. ಈ ಹುಡುಗ ತಾನೇ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್ಮಿಗೆ ವರ್ಟಿಯೋ ನೆಟ್ (ವಿಎಂಗೆಂದೇ ಮಾಡಿದ ನೆಟ್‌ವರ್ಕ್ ಕಾರ್ಡ್) ಡ್ರೈವರ್ ಬರೆದಿದ್ದ, ಪ್ಯಾಕೆಟ್ ಹೋಗುತ್ತಿತ್ತು, ಉತ್ತರ ಮಾತ್ರ ಬರುತ್ತಿರಲಿಲ್ಲ. ನನ್ನ ಕೈಪಿಡಿಯಲ್ಲಿ 'ಮೊದಲು ಆತಿಥೇಯದಲ್ಲಿ ಪ್ಯಾಕೆಟ್ಟಿನ ಬೈಟುಗಳನ್ನು ನೋಡಿ' ಅಂತ ಇತ್ತು. ಅವನು ಅದನ್ನು ಅತಿಥಿ ಅಂತ ಓದಿಕೊಂಡು, ಡ್ರೈವರ್ ಒಳಗೇ ಬೈಟುಗಳನ್ನು ಪ್ರಿಂಟ್ ಮಾಡಿ ನೋಡಿದ. ಎಲ್ಲ ಸರಿಯಾಗೇ ಇತ್ತು. ಸರಿ ಇದೆಯಲ್ಲ ಅಂದುಕೊಂಡು ಬ್ರಿಡ್ಜ್ ನೋಡಿದ, ಫೈರ್‌ವಾಲ್ ತೆಗೆದ, ಕೊನೆಗೆ ಲಿನಕ್ಸ್ ಮೇಲೇ ಅನುಮಾನ ಪಟ್ಟ.

ಹೊರಗಡೆ, ಅಂದರೆ ಹೋಸ್ಟ್‌ನ ಟ್ಯಾಪ್ ಇಂಟರ್‌ಫೇಸ್ (ವಿಎಂನ ಪ್ಯಾಕೆಟ್ ಹೊರಬರುವ ಬಾಗಿಲು) ಮೇಲೆ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್ ತೋರಿಸುವ ಪ್ರೋಗ್ರಾಮು) ಹಾಕಿದ್ದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅವನ ಕಾರ್ಡಿನ ಮ್ಯಾಕ್ ವಿಳಾಸ, ಅಂದರೆ ಕಾರ್ಡಿನ ಗುರುತಿನ ಸಂಖ್ಯೆ, 52:54:00:12:34:56; ವಿಎಂ ಓಡಿಸುವ ಪ್ರೋಗ್ರಾಮಾದ ಕ್ಯೂಎಮು ತಾನಾಗೇ ಕೊಡುವಂಥದ್ದು. ಹೊರಗೆ ಕಾಣುತ್ತಿದ್ದದ್ದು 00:12:34:56:08:06. ಮೊದಲ ಎರಡು ಬೈಟ್ ಮಾಯ, ವಿಳಾಸದ ನಂತರ ಇದ್ದ 08 06, ಅಂದರೆ 'ಇದು ಎಆರ್‌ಪಿ' (ಐಪಿ ವಿಳಾಸಕ್ಕೆ ಮ್ಯಾಕ್ ವಿಳಾಸ ಕೇಳುವ ಪ್ಯಾಕೆಟ್) ಅಂತ ಹೇಳುವ ಗುರುತು, ವಿಳಾಸದ ಬಾಲಕ್ಕೆ ಬಂದು ಅಂಟಿಕೊಂಡಿತ್ತು. ಕಾರಣ ಇಷ್ಟೇ: ವರ್ಟಿಯೋದಲ್ಲಿ ಪ್ರತಿ ಪ್ಯಾಕೆಟ್ಟಿನ ಮುಂದೆ ಒಂದು ಸಣ್ಣ ಹೆಡರ್ ಇಡಬೇಕು. ಹಳೆಯ ರೀತಿಯಲ್ಲಿ ಅದು ಸಾಮಾನ್ಯವಾಗಿ 10 ಬೈಟ್, 1.0 ಆವೃತ್ತಿಯ ರೀತಿಯಲ್ಲಿ ಯಾವಾಗಲೂ 12. ಇವನು ಹೊಸ ರೀತಿ ಒಪ್ಪಿಕೊಂಡು 10 ಬೈಟ್ ಇಟ್ಟಿದ್ದ. ಹೊರಗಿನ ಕ್ಯೂಎಮು ತನ್ನ ಲೆಕ್ಕದ 12 ತೆಗೆದುಕೊಂಡಿತು, ಪ್ಯಾಕೆಟ್ಟಿನ ಮೊದಲ ಎರಡು ಬೈಟ್ ಅದರ ಜೊತೆ ಹೋಯಿತು.

ತಪ್ಪು ಅವನ ಕೋಡಿನದೇ, ಒಪ್ಪಿದೆ. ಆದರೆ ಎರಡು ದಿನ ಹೋಗಿದ್ದು ನನ್ನ ಪದದಿಂದ. ಅತಿಥಿಯಲ್ಲಿ, ಆತಿಥೇಯದಲ್ಲಿ – ಬೇಗ ಓದುವಾಗ ಕಣ್ಣಿಗೆ ಎರಡೂ ಒಂದೇ. ಈ ಕೆಲಸದಲ್ಲೋ 'ಯಾವ ಕಡೆ ನಿಂತು ನೋಡಿದೆ' ಅನ್ನೋದೇ ಅರ್ಧ ಉತ್ತರ. ವಿರುದ್ಧ ಅರ್ಥದ ಎರಡು ಪದ ಅವಳಿಗಳ ಹಾಗೆ ಕಾಣಬಾರದು ಅಲ್ವಾ?

ಬದಲಿಗೆ ಏನು ಹಾಕಬಹುದು? ಮೊದಲು ಹೊಳೆದದ್ದು ನೆಂಟ. ಕೇಳಲು ಚೆಂದ, ಬಂದು ಉಳಿದುಕೊಂಡು ನಮ್ಮದೇ ಮೆಮೊರಿ ತಿನ್ನುವವನಿಗೆ ಸರಿಯಾದ ಹೆಸರೂ ಹೌದು. ಆದರೆ ಜೋಡಿಗೆ ಏನು ಹೇಳೋದು, ಯಜಮಾನ? ಅದು ಮಾಸ್ಟರ್ ಅನ್ನೋ ಅರ್ಥಕ್ಕೆ ಹೊರಳುತ್ತದೆ. ಮನೆ ಅಂದರೆ ಹೋಮ್ ಡೈರೆಕ್ಟರಿ ನೆನಪಾಗುತ್ತದೆ. ಆಮೇಲೆ ನಾವು ಕೆಲಸದ ಜಾಗದಲ್ಲಿ ಬಾಯಲ್ಲಿ ಹೇಗೆ ಹೇಳುತ್ತೇವೆ ಅಂತ ಗಮನಿಸಿದೆ. ಯಾರೂ ಗೆಸ್ಟ್, ಹೋಸ್ಟ್ ಅನ್ನಲ್ಲ. 'ಒಳಗೆ ಪಿಂಗ್ ಹೋಗ್ತಿದೆಯಾ? ಹೊರಗೆ ನೋಡಿದ್ಯಾ?' ಅಷ್ಟೇ. ಹಾಗಾದರೆ ಒಳಯಂತ್ರ, ಹೊರಯಂತ್ರ ಅನ್ನಬಾರದೇಕೆ? ವಿಎಂ ಒಳಗೆ ಇನ್ನೊಂದು ವಿಎಂ ಓಡಿಸಿದರೂ 'ಒಳಯಂತ್ರದ ಒಳಯಂತ್ರ' ಅಂತ ಹೇಳಬಹುದು. ಇನ್ನೊಂದು ಲಾಭವೂ ಇದೆ. ನೆಟ್‌ವರ್ಕಿನಲ್ಲಿ ಹೋಸ್ಟ್ ಅಂದರೆ ವಿಳಾಸ ಇರುವ ಯಾವುದೇ ಕಂಪ್ಯೂಟರ್, ಗೆಸ್ಟಿಗೂ ಒಂದು ಹೋಸ್ಟ್‌ನೇಮ್ ಇರುತ್ತದೆ. 'ಅತಿಥಿಯ ಆತಿಥೇಯ ಹೆಸರು' ಅಂತ ಬರೆದು ನಾನೇ ನಕ್ಕಿದ್ದೇನೆ.

ಎರಡನೆಯದು ಚಾಲಕ. ಡ್ರೈವರಿಗೆ ಈ ಪದ ಆಗಲೇ ಓಡಾಡುತ್ತಿದೆ, ಅರ್ಥದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ವ್ಯಾಕರಣದ್ದು. 'ಚಾಲಕನನ್ನು ಲೋಡ್ ಮಾಡಿ' ಅಂತ ಬರೆದರೆ ಯಾರನ್ನೋ ಲಾರಿಗೆ ತುಂಬಿದ ಹಾಗಿದೆ. 'ಚಾಲಕವನ್ನು ಲೋಡ್ ಮಾಡಿ' ಅಂದರೆ ಕಿವಿಗೆ ಕಟಕಟ ಅನ್ನುತ್ತದೆ. ಚಾಲಕ ಕುಸಿದನೋ, ಕುಸಿಯಿತೋ? ಸೂಚಕ, ಮಾಪಕ ಇವೆಲ್ಲ ಮೊದಲಿನಿಂದ ವಸ್ತುಗಳು, ಸೂಚಕವನ್ನು, ಮಾಪಕವನ್ನು ಅಂತ ಆರಾಮಾಗಿ ಬರುತ್ತವೆ. ವಾಹಕ ಎರಡೂ ಕಡೆ ನಡೆಯುತ್ತದೆ: ತಾಮ್ರದ ತಂತಿಗೆ ವಾಹಕವನ್ನು ಅನ್ನುತ್ತೇವೆ, ಅಂಚೆ ಹಂಚುವವರು ಬಂದರೆ ಪತ್ರವಾಹಕನನ್ನು. ಅದೇ ಧೈರ್ಯದ ಮೇಲೆ ಚಾಲಕವನ್ನು ಅಂತ ಬರೆಯಬಹುದು ಅನ್ನೋದು ನನ್ನ ಅಂದಾಜು, ಆದರೆ ಕಿವಿ ಇನ್ನೂ ಒಪ್ಪಿಲ್ಲ. ಇದರ ಜೊತೆ ಇಂಟರಪ್ಟ್ ಹ್ಯಾಂಡ್ಲರಿಗೆ (ಕಾರ್ಡ್ ಕರೆದಾಗ ಓಡುವ ಕೋಡ್) ಯಾರೋ 'ನಿರ್ವಾಹಕ' ಅಂತ ಸೂಚಿಸಿದರು. ಚಾಲಕ, ನಿರ್ವಾಹಕ ಒಂದೇ ಪುಟದಲ್ಲಿ ಬಂದರೆ ಕೆಎಸ್‌ಆರ್‌ಟಿಸಿ ನೇಮಕಾತಿ ಜಾಹೀರಾತಿನ ಹಾಗೆ ಕಾಣುತ್ತದೆ, ಅದನ್ನು ಕೈಬಿಟ್ಟೆ.

ಇನ್ನು ವರ್ಚುವಲ್. ಶಾಲೆಯ ವಿಜ್ಞಾನದಲ್ಲಿ ಕನ್ನಡಿಯೊಳಗಿನ ಬಿಂಬಕ್ಕೆ ಮಿಥ್ಯ ಪ್ರತಿಬಿಂಬ ಅಂತ ಓದಿದ್ದೇವೆ, ಪರದೆ ಮೇಲೆ ಹಿಡಿಯಲು ಆಗದ್ದು. ಮಿಥ್ಯ ಕಾರ್ಡ್ ಅಂತ ಹೇಳೋಣ ಅಂದರೆ, ಈ ಕಾರ್ಡಿನಿಂದ ಹೊರಟ ಪ್ಯಾಕೆಟ್ಟನ್ನು ನಿಜವಾದ ತಂತಿಯ ಮೇಲೇ ಹಿಡಿಯಬಹುದು. ಬ್ಯಾಂಕಿನ ದುಡ್ಡು ಅದರಲ್ಲಿ ಹೋಗುತ್ತದೆ, ಮಿಥ್ಯ ಹೇಗಾದೀತು? ಹುಸಿ ಅಂದರೆ ಹುಸಿ ಬಾಂಬ್ ಕರೆ. ವಾಸ್ತವೋಪಮ ಅರ್ಥಕ್ಕೆ ಹತ್ತಿರ ಇದೆ, ಆದರೆ 'ವಾಸ್ತವೋಪಮ ಜಾಲ ಸಂಪರ್ಕಸಾಧನ ಚಾಲಕ' ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ, ಉಸಿರು ಎಲ್ಲಿ ತೆಗೆದುಕೊಳ್ಳುತ್ತೀರಿ?

ನನಗೆ ಇಷ್ಟವಾದದ್ದು ಅಣಕು. ಮತಗಟ್ಟೆಯಲ್ಲಿ ಬೆಳಿಗ್ಗೆ ಏಜೆಂಟರ ಮುಂದೆ ಅಣಕು ಮತದಾನ ಮಾಡಿ ತೋರಿಸುತ್ತಾರಲ್ಲ, ಆ ಅಣಕು. ಅದರಲ್ಲಿ ಗೇಲಿ ಇಲ್ಲ, ಅಸಲಿನ ಹಾಗೇ ನಡೆಸಿ ತೋರಿಸುವುದಿದೆ. ಕ್ಯೂಎಮು ಇಂಟೆಲ್ಲಿನ 82540 ಸರಣಿಯ ಚಿಪ್ಪಿನ ಹಾಗೆ ವೇಷ ಹಾಕುತ್ತದೆ, ಒಳಗಿನ ಆಪರೇಟಿಂಗ್ ಸಿಸ್ಟಮ್ ಇದು ನಿಜವಾದ ಕಾರ್ಡೇ ಅಂದುಕೊಂಡು ತನ್ನ ಹಳೆಯ ಡ್ರೈವರನ್ನೇ ಓಡಿಸುತ್ತದೆ. ಇದಕ್ಕೆ ಅಣಕು ಕಾರ್ಡ್ ಅನ್ನೋದು ಹೇಳಿ ಮಾಡಿಸಿದ ಹಾಗಿದೆ. ಆದರೆ ವರ್ಟಿಯೋ ಹಾಗಲ್ಲ. ವೇಷ ಹಾಕೋದು ದುಬಾರಿ, ಕಾರ್ಡಿನ ರಿಜಿಸ್ಟರ್ (ಅದಕ್ಕೆ ಅಪ್ಪಣೆ ಬರೆಯುವ ಜಾಗ) ಮುಟ್ಟಿದಾಗಲೆಲ್ಲ ಒಳಯಂತ್ರ ನಿಂತು ಹೊರಗಿನವರಿಗೆ ಕೈ ಬಿಟ್ಟುಕೊಡಬೇಕು. ಅದಕ್ಕೇ ಲಿನಕ್ಸ್ ಡೆವಲಪರ್ ರಸ್ಟಿ ರಸೆಲ್ ಶುರು ಮಾಡಿದ, 2008ರ ಜನವರಿಯಲ್ಲಿ ಬಂದ ಲಿನಕ್ಸ್ 2.6.24ರ ಜೊತೆ ಒಳಸೇರಿದ ವರ್ಟಿಯೋ ಯಾವ ಕಂಪನಿಯ ಕಾರ್ಡನ್ನೂ ಅನುಕರಿಸುವುದಿಲ್ಲ. ನಾನು ವಿಎಂ ಒಳಗಿದ್ದೇನೆ ಅಂತ ಡ್ರೈವರಿಗೆ ಗೊತ್ತು, ಎರಡು ಕಡೆಯೂ ಮೊದಲೇ ಮಾತಾಡಿಕೊಂಡು ಕೆಲಸ ಮಾಡುತ್ತವೆ. ಅಸಲೇ ಇಲ್ಲದ ಮೇಲೆ ಅಣಕು ಯಾವುದರದ್ದು? ಹಾಗಾಗಿ ಎಮ್ಯುಲೇಷನ್ನಿಗೆ, ಅಂದರೆ ವೇಷ ಹಾಕೋದಕ್ಕೆ, ಅಣಕು, ವರ್ಚುವಲ್ಲಿಗೆ ವರ್ಚುವಲ್ ಅಂತಲೇ ಬಿಟ್ಟಿದ್ದೇನೆ. ಸೋಲೊಪ್ಪಿಕೊಂಡೆ ಅನ್ನಿ.

ನಿಜವಾಗಿ ತಲೆ ಕೆಡಿಸಿದ್ದು ಯೂಸ್ಡ್ ರಿಂಗ್. ವರ್ಟಿಯೋದಲ್ಲಿ ಒಳಗಿನ ಡ್ರೈವರೂ ಹೊರಗಿನ ಡಿವೈಸೂ ಎರಡು ಸುತ್ತುಪಟ್ಟಿಗಳ ಮೂಲಕ ಮಾತಾಡುತ್ತವೆ. ಡ್ರೈವರ್ ತನ್ನ ಬಫರುಗಳನ್ನು (ಪ್ಯಾಕೆಟ್ ಇಡುವ ಮೆಮೊರಿ ತುಂಡುಗಳು) ಅವೈಲಬಲ್ ರಿಂಗಿನಲ್ಲಿ ಬರೆದಿಡುತ್ತದೆ, ಡಿವೈಸ್ ಅವುಗಳ ಕೆಲಸ ಮುಗಿಸಿ ಯೂಸ್ಡ್ ರಿಂಗಿನಲ್ಲಿ ವಾಪಸ್ ಬರೆಯುತ್ತದೆ. ನಾನು 'ಲಭ್ಯ', 'ಬಳಸಿದ' ಅಂತ ಅನುವಾದ ಮಾಡಿದೆ. ಮಕ್ಕಳು ಏನು ತಿಳಿದುಕೊಂಡರು ಗೊತ್ತಾ? ಬಳಸಿದ್ದು ಅಂದರೆ ಮುಗಿದದ್ದು, ಬಿಸಾಡುವುದು. ಪ್ಯಾಕೆಟ್ ಕಳಿಸುವಾಗ ಇದು ಹೇಗೋ ನಡೆಯುತ್ತದೆ, ಹೋದ ಬಫರ್ ಕೆಲಸ ಮುಗಿಸಿ ಬಂದಿದೆ. ಬರುವ ಪ್ಯಾಕೆಟ್ಟಿನ ಕಡೆ ಪೂರ್ತಿ ಉಲ್ಟಾ. ಅಲ್ಲಿ ಡ್ರೈವರ್ ಖಾಲಿ ಬಫರ್ ಕೊಡುತ್ತದೆ, ಡಿವೈಸ್ ಅದರಲ್ಲಿ ಪ್ಯಾಕೆಟ್ ತುಂಬಿ ಕೊಡುತ್ತದೆ. 'ಬಳಸಿದ' ಪಟ್ಟಿಯಲ್ಲಿ ಇರೋದು ನಮಗೆ ಬೇಕಾದ ತುಂಬಿದ ಮಾಲು! ಡೇರಿಗೆ ಹೋಗುವ ಹಾಲಿನ ಕ್ಯಾನಿನ ಹಾಗೆ: ಊರಿಂದ ತುಂಬಿ ಹೋಗುತ್ತದೆ, ಖಾಲಿ ಬರುತ್ತದೆ, ಡೇರಿ ಕಡೆಯಿಂದ ನೋಡಿದರೆ ಖಾಲಿ ಹೋಗುತ್ತದೆ, ತುಂಬಿ ಬರುತ್ತದೆ. ಎರಡಕ್ಕೂ ಸರಿಹೊಂದೋದು 'ಕೊಟ್ಟ ಪಟ್ಟಿ', 'ಮರಳಿದ ಪಟ್ಟಿ' ಅಂತ ನನಗೆ ಅನ್ನಿಸಿದೆ. ಮೂಲ ಪದದಿಂದ ದೂರ ಹೋದೆನಾ? ಕೋಡ್ ಓದುವಾಗ ಅವರಿಗೆ ಇಂಗ್ಲಿಷ್ ಹೆಸರೇ ಕಾಣೋದು, ಅಲ್ಲಿ ಹೊಂದಿಸಿಕೊಳ್ಳಲು ಕಷ್ಟವಾದೀತು ಅನ್ನೋ ಭಯ ಇದೆ.

ಪಟ್ಟಿಯಲ್ಲಿ ಬರೆದ ಮೇಲೆ 'ಬಂದು ನೋಡಪ್ಪ' ಅಂತ ಹೊರಗಿನವನಿಗೆ ಹೇಳೋದಕ್ಕೆ ಇಂಗ್ಲಿಷಿನಲ್ಲಿ ಕಿಕ್ ಅನ್ನುತ್ತಾರೆ. ಒದೆಯೋದು ಬೇಡ, 'ಕದ ತಟ್ಟು' ಅಂತ ಹಾಕಿದ್ದೇನೆ. ಬರೆಯುವ ಮೊದಲೇ ಕದ ತಟ್ಟಿದರೆ ಆಗುವ ಎಡವಟ್ಟೂ ಸುಲಭವಾಗಿ ಅರ್ಥವಾಯಿತು. ಇದೊಂದು ಮಾತ್ರ ಯಾರೂ ತಕರಾರು ಮಾಡದ ಪದ.

ಡೀಬಗ್ಗಿಗೆ ದೋಷ ಪರಿಹಾರ ಅಂತ ಬರೆದದ್ದನ್ನು ಹೊಡೆದುಹಾಕಿದೆ, ಸುಮ್ನೆ ಜ್ಯೋತಿಷಿ ಬೋರ್ಡಿನ ವಾಸನೆ. ಬಗ್ ಹಿಡಿಯೋದು ಅಂತಲೇ ಇದೆ.

ಈಗ ನಿಮ್ಮಿಂದ ಬೇಕಾದದ್ದು. ಒಳಯಂತ್ರ, ಹೊರಯಂತ್ರ ಅಂದರೆ ಮೊದಲ ಸಲ ಓದುವವರಿಗೆ ಏನು ಹೊಳೆಯುತ್ತದೆ? ಹೊರಯಂತ್ರ ಅಂದರೆ ಬೇರೆಲ್ಲೋ ದೂರದ ಕಂಪ್ಯೂಟರ್ ಅಂತ ಅನ್ನಿಸುತ್ತದಾ? ಮರಳಿದ ಪಟ್ಟಿಗಿಂತ ಚೆನ್ನಾದ ಪದ ನಿಮ್ಮ ಕಡೆ, ಅಕ್ಕಿ ಗಿರಣಿಯಲ್ಲೋ ಮಂಡಿಯಲ್ಲೋ, ಹೋದ ಚೀಲ, ಬಂದ ಚೀಲದ ಲೆಕ್ಕ ಇಡುವಾಗ ಬಳಸುತ್ತಾರಾ? ಉಳಿದದ್ದಕ್ಕೆ ನಿಧಾನವಾಗಿ ಉತ್ತರ ಕೊಡಿ, ಆದರೆ ಚಾಲಕನನ್ನೋ ಚಾಲಕವನ್ನೋ ಅನ್ನೋದನ್ನು ದಯವಿಟ್ಟು ಈ ವಾರವೇ ಹೇಳಿಬಿಡಿ. ಕೈಪಿಡಿಯಲ್ಲಿ ಈಗ ಅರ್ಧ ಪುಟಗಳಲ್ಲಿ ಅದು, ಇನ್ನರ್ಧದಲ್ಲಿ ಇದು ಇದೆ.