ಊರಿನ ಹಳೆಯ ಕಲ್ಲುಗುಡಿಯ ಜೀರ್ಣೋದ್ಧಾರ: ಬಣ್ಣ, ಸಿಮೆಂಟು, ಗ್ರಾನೈಟ್ ಬೇಡವೆಂದರೆ ಮತ್ತೇನು ಮಾಡಬೇಕು?

ಪ್ರಶ್ನೆ | ಕೆರೆಏರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಕೆರೆಯ ಏರಿಯ ಕೆಳಗೆ ಹೊಯ್ಸಳರ ಕಾಲದ್ದೆಂದು ತಿಳಿದವರು ಹೇಳುವ ಈಶ್ವರನ ಗುಡಿಯೊಂದಿದೆ. ಗರ್ಭಗುಡಿ, ಅದರ ಮುಂದಿನ ಸಣ್ಣ ಅಂಕಣವಾದ ಸುಕನಾಸಿ, ಅದರಾಚೆ ನಾಲ್ಕು ಕಂಬಗಳ ಮಂಟಪವಾದ ನವರಂಗ, ಇಷ್ಟೇ ಅದರ ವಿಸ್ತಾರ. ಬೇಲೂರು, ಹಳೇಬೀಡುಗಳಂತೆ ಹೊರಗೋಡೆಯಲ್ಲಿ ಶಿಲ್ಪಗಳ ಸಾಲಿಲ್ಲ. ಆದರೆ ತಿರುಗಣೆಯಲ್ಲಿ ಕಡೆದಂತಿರುವ ಬಳಪದ ಕಲ್ಲಿನ ಆ ನಾಲ್ಕು ಕಂಬಗಳು ಇಂದಿಗೂ ದೀಪದ ಬೆಳಕನ್ನು ಪ್ರತಿಫಲಿಸುವಷ್ಟು ನುಣುಪಾಗಿವೆ. ಗುಡಿ ಮುಜರಾಯಿಗೆ ಸೇರಿದ್ದು, ಕೇಂದ್ರದ ಅಥವಾ ರಾಜ್ಯದ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿಲ್ಲ.

ಸುಮಾರು 30 ವರ್ಷಗಳ ಹಿಂದೆ ಮಾಳಿಗೆಯ ಮೇಲೆ ಸಿಮೆಂಟ್ ಕಾಂಕ್ರೀಟ್ ಹಾಕಿದ್ದರೂ ಮಳೆಗಾಲದಲ್ಲಿ ನವರಂಗ ಸೋರುತ್ತದೆ. ಈಗ ಜೀರ್ಣೋದ್ಧಾರ ಸಮಿತಿಯವರು ಗೋಡೆಗಳ ಕಪ್ಪನ್ನು ಮರಳು ಊದುವ ಯಂತ್ರದಿಂದ ತೆಗೆಸಿ, ಒಳಗಿನ ಕಂಬಗಳಿಗೆ ಆಯಿಲ್ ಪೇಂಟ್ ಬಳಿಸಿ, ನೆಲಕ್ಕೆ ಗ್ರಾನೈಟ್ ಹಾಸಬೇಕೆಂದು ನಿಶ್ಚಯಿಸಿದ್ದಾರೆ. ಬಾಗಿಲ ಪಕ್ಕದಲ್ಲಿರುವ, ಅಕ್ಷರ ಸವೆದ ಶಾಸನದ ಕಲ್ಲನ್ನು ದಾರಿಗೆ ಅಡ್ಡವೆಂದು ತೆಗೆಸುವ ಮಾತೂ ಬಂದಿದೆ. ಗ್ರಾನೈಟ್ ಕೊಡಿಸುವವರು ನಮ್ಮ ದೊಡ್ಡಪ್ಪನವರೇ. ಅದು ಅವರು ಹೊತ್ತ ಹರಕೆ. ಇವರಲ್ಲಿ ಯಾರೊಬ್ಬರಿಗೂ ಗುಡಿಯನ್ನು ಕೆಡಿಸುವ ಉದ್ದೇಶವಿಲ್ಲ. ಆದರೆ ಈ ಕೆಲಸಗಳಿಂದ ಗುಡಿ ಕೆಡುತ್ತದೆಂದು ನನ್ನ ಮನಸ್ಸು ಹೇಳುತ್ತಿದೆ, ಸಭೆಯಲ್ಲಿ ಅದನ್ನು ವಿವರಿಸಲು ಬೇಕಾದ ತಿಳಿವಳಿಕೆ ನನ್ನಲ್ಲಿಲ್ಲ. ದಯವಿಟ್ಟು ತಿಳಿದವರು ಮಾರ್ಗದರ್ಶನ ಮಾಡಬೇಕು.

ಉತ್ತರ 1 | ಸುಣ್ಣದಗಾರೆ

ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ಹಲವು ವರ್ಷ ಕೆಲಸ ಮಾಡಿದ ಸಿವಿಲ್ ಎಂಜಿನಿಯರ್ ನಾನು. ಮೊದಲಿಗೆ, ಮರಳು ಊದುವ ಕೆಲಸವನ್ನು ಹೇಗಾದರೂ ಮಾಡಿ ನಿಲ್ಲಿಸಿ. ಉಳಿದವನ್ನು ನಿಧಾನವಾಗಿ ಚರ್ಚಿಸಬಹುದು. ಬಳಪದ ಕಲ್ಲು ಮೆದುವಾದದ್ದು. ಹೊಯ್ಸಳ ಶಿಲ್ಪಿಗಳು ಅಷ್ಟು ಸೂಕ್ಷ್ಮವಾಗಿ ಕೆತ್ತಲು ಸಾಧ್ಯವಾದದ್ದು ಆ ಮೆದುತನದಿಂದಲೇ, ಯಂತ್ರದ ಮರಳು ಕೆಲವೇ ನಿಮಿಷಗಳಲ್ಲಿ ಕೆತ್ತನೆಯ ಅಂಚುಗಳನ್ನು ತಿಂದುಹಾಕುವುದೂ ಅದೇ ಕಾರಣದಿಂದ. ಕಪ್ಪಿನ ಜೊತೆಗೆ ಉಳಿಯ ಗುರುತು, ನುಣುಪು ಎರಡೂ ಹೋಗುತ್ತವೆ, ಮತ್ತೆ ಬರುವುದಿಲ್ಲ. ಒರಟಾದ ಮೈಯಲ್ಲಿ ನೀರು, ಧೂಳು, ಪಾಚಿ ಇನ್ನೂ ಬೇಗ ಹಿಡಿಯುವುದರಿಂದ ಕಪ್ಪು ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ಆಮ್ಲದಿಂದ ತೊಳೆಯುವ ಸಲಹೆ ಬಂದರೆ ಅದನ್ನೂ ಒಪ್ಪಬೇಡಿ. ತಿಳಿನೀರು ಮತ್ತು ಮೆತ್ತನೆಯ ಕುಂಚದಿಂದ ಹೋಗದ ಕಲೆಯನ್ನು ಪುರಾತತ್ವ ಇಲಾಖೆಯ ರಸಾಯನ ತಜ್ಞರು ನೋಡುವವರೆಗೆ ಹಾಗೆಯೇ ಬಿಡುವುದು ಒಳ್ಳೆಯದು.

ಇನ್ನು ಗುಡಿಯ ನಿಜವಾದ ಕಾಯಿಲೆ ಮಾಳಿಗೆಯಲ್ಲಿದೆ. ಹಿಂದಿನವರು ಚಪ್ಪಡಿಗಳ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಾರೆಯನ್ನು ಹರಡಿ, ಬೆಲ್ಲ ಮತ್ತು ಅಳಲೆಕಾಯಿಯ ನೀರನ್ನು ಚಿಮುಕಿಸುತ್ತ, ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು, ನೀರು ಹರಿಯುವ ಇಳಿಜಾರು ಮಾಡುತ್ತಿದ್ದರು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಬಿಸಿಲು, ಮಳೆಗೆ ಕಲ್ಲು ತುಸು ಅಲುಗಿದರೆ ಅದೂ ಜೊತೆಗೆ ಅಲುಗುತ್ತದೆ. ಒಳಸೇರಿದ ತೇವವನ್ನು ಹೊರಬಿಡುತ್ತದೆ. ಸಿಮೆಂಟು ಬಿಗಿಯಾಗಿ ಕೂರುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರಿಗೆ ಮೇಲೆ ಬರಲು ದಾರಿಯಿಲ್ಲದೆ ಅದು ಕಲ್ಲಿನ ಮೂಲಕ ಒಳಗೆ ಆರುತ್ತದೆ. ಆಗ ಸಿಮೆಂಟಿನಲ್ಲಿ ಕರಗಿದ ಲವಣಗಳು ಕಲ್ಲಿನ ಮೈಯೊಳಗೆ ಹರಳುಗಟ್ಟಿ, ಪದರ ಪದರವಾಗಿ ಅದನ್ನು ಉದುರಿಸುತ್ತವೆ. ನಿಮ್ಮ ನವರಂಗದ ಭುವನೇಶ್ವರಿಯಲ್ಲಿ, ಅಂದರೆ ಒಳಮಾಳಿಗೆಯ ನಡುವಿನ ಕೆತ್ತನೆಯ ಭಾಗದಲ್ಲಿ, ಬಿಳಿಯ ಪುಡಿಯೇನಾದರೂ ಕಾಣುತ್ತಿದೆಯೇ, ನೋಡಿ. ಭಾರದ ಲೆಕ್ಕವೂ ಇದೆ: 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಒಂದು ಚದರ ಮೀಟರಿಗೆ ಸುಮಾರು 240 ಕಿಲೋ ತೂಗುತ್ತದೆ. ಹಳೆಯ ಗಾರೆಯನ್ನು ತೆಗೆಯದೆ ಅದರ ಮೇಲೆಯೇ ಹಾಕಿದ್ದರೆ ಅಷ್ಟನ್ನೂ ಆ ನಾಲ್ಕು ಕಂಬಗಳು ಹೆಚ್ಚುವರಿಯಾಗಿ ಹೊತ್ತಿವೆ.

ಸುಣ್ಣಕ್ಕೆ ಗಟ್ಟಿತನವಿಲ್ಲ ಎಂದು ಸಭೆಯಲ್ಲಿ ಯಾರಾದರೂ ಹೇಳಿದರೆ ವಿಜಯಪುರದ ಗೋಳಗುಮ್ಮಟವನ್ನು ನೆನಪಿಸಿ. ಹೊರ ಅಳತೆಯಲ್ಲಿ ಸುಮಾರು 44 ಮೀಟರ್ ವ್ಯಾಸದ ಆ ಗುಮ್ಮಟ ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಿದ್ದು, 17ನೆಯ ಶತಮಾನದಿಂದ ನಿಂತಿದೆ. ಆಯಿಲ್ ಪೇಂಟಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಅದೂ ತೇವವನ್ನು ಒಳಗೇ ಕಟ್ಟಿಹಾಕುತ್ತದೆ.

ಉತ್ತರ 2 | ಪಡಿಯಚ್ಚು

ಮೇಲಿನ ಉತ್ತರವನ್ನು ಪೂರ್ಣವಾಗಿ ಒಪ್ಪುತ್ತೇನೆ. ನಾನು ಶಾಸನದ ಕಲ್ಲಿನ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಇಂಥ ಕೆಲಸಗಳಲ್ಲಿ ಸದ್ದಿಲ್ಲದೆ ಕಾಣೆಯಾಗುವುದು ಅದೇ. ವಿದ್ಯಾರ್ಥಿಯಾಗಿದ್ದಾಗ ನಾನು ಓದಿದ್ದ ಶಾಸನವೊಂದನ್ನು ಹುಡುಕಿಕೊಂಡು ಬೇರೊಂದು ತಾಲ್ಲೂಕಿನ ಊರಿಗೆ ಹೋದಾಗ, ಆ ಕಲ್ಲು ಚರಂಡಿಯ ಮೇಲಿನ ಹಾಸಾಗಿತ್ತು. ಹಾಸಿದವರಿಗೆ ಅದು ಬರೀ ಚಪ್ಪಡಿ. ಅವರನ್ನು ನಾನು ದೂರಲಾರೆ, ಅದನ್ನು ಅವರಿಗೆ ಓದಿ ಹೇಳಿದವರೇ ಇರಲಿಲ್ಲ.

ಹಳೆಯ ಮೈಸೂರು ಸಂಸ್ಥಾನದ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ಜಿಲ್ಲೆ, ತಾಲ್ಲೂಕುಗಳ ಕ್ರಮದಲ್ಲಿ ಪ್ರಕಟಿಸಿದ್ದಾರೆ. ಹಾಸನ ಜಿಲ್ಲೆಯದು ಐದನೆಯ ಸಂಪುಟ. ಮೈಸೂರು ವಿಶ್ವವಿದ್ಯಾನಿಲಯವು ಆನಂತರ ಪರಿಷ್ಕೃತ ಸಂಪುಟಗಳನ್ನೂ ತಂದಿದೆ. ನಿಮ್ಮ ತಾಲ್ಲೂಕಿನ ಭಾಗದಲ್ಲಿ ಊರಿನ ಹೆಸರನ್ನು ಹುಡುಕಿ. ಸಿಕ್ಕಿದರೆ ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ. ಇಂಥ ದಾನಶಾಸನಗಳಲ್ಲಿ ಬಹುಪಾಲು ದತ್ತಿ ಬಿಟ್ಟ ಗದ್ದೆ, ಅದರ ಎಲ್ಲೆ, ಕೆರೆಯ ತೂಬುಗಳ ವಿವರವಿರುತ್ತದೆ. ನಮ್ಮ ಹೊಲದ ಪಕ್ಕದ ಹಳ್ಳದ ಹೆಸರು ಎಂಟು ನೂರು ವರ್ಷ ಹಿಂದಿನ ಕಲ್ಲಿನಲ್ಲಿದೆ ಎಂದು ತಿಳಿದ ಊರಿನವರು ಆ ಕಲ್ಲನ್ನು ಕಿತ್ತದ್ದನ್ನು ನಾನಂತೂ ಕಂಡಿಲ್ಲ. ಪ್ರಕಟವಾಗಿಲ್ಲದಿದ್ದರೆ ಇನ್ನೂ ಎಚ್ಚರ ಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ದೊರೆತ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಅದುವರೆಗೆ ಅದನ್ನು ಯಾರೂ ಓದಿರಲಿಲ್ಲ.

ಕಲ್ಲಿಗೆ ಸೀಮೆಸುಣ್ಣ, ಎಣ್ಣೆ, ಅರಿಸಿನ ಏನನ್ನೂ ಹಚ್ಚದೆ, ಕತ್ತಲಾದ ಮೇಲೆ ಒಂದು ಬದಿಯಿಂದ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ಚಿತ್ರ ತೆಗೆಯಿರಿ. ಹಗಲಿನಲ್ಲಿ ಕಾಣದ ಅಕ್ಷರಗಳು ಆಗ ನೆರಳಿನಲ್ಲಿ ಎದ್ದು ಬರುತ್ತವೆ.

ಉತ್ತರ 3 | ಹಳೆಯ ಸಮಿತಿ ಸದಸ್ಯ

ಇಂಥದೇ ಸಮಿತಿಯೊಂದರಲ್ಲಿ ಎಂಟು ವರ್ಷ ಇದ್ದವನು ನಾನು, ಆದ್ದರಿಂದ ಇನ್ನೊಂದು ಬದಿಯ ಮಾತನ್ನೂ ಹೇಳಬೇಕು. ಅದು ಪೂಜೆ ನಡೆಯುವ ಗುಡಿ. ಸೋರುವ ಗುಡಿಯಲ್ಲಿ ಅಭಿಷೇಕಕ್ಕೆ ನಿಂತವರ ಕಷ್ಟ, ಏರುತಗ್ಗಿನ ನೆಲದಲ್ಲಿ ಎಡವುವ ಅಜ್ಜಿಯರ ಕಷ್ಟ ದೊಡ್ಡದು. ಹಾಗೆ ಮಾಡಬೇಡಿ, ಹೀಗೆ ಮಾಡಬೇಡಿ ಎಂದಷ್ಟೇ ಹೇಳುವವರ ಮಾತನ್ನು ಊರು ಕೇಳುವುದಿಲ್ಲ. ನಮ್ಮಲ್ಲಿ ಹಳೆಯ ನೆಲಗಲ್ಲುಗಳಿಗೆ ಒಂದೊಂದಾಗಿ ಸಂಖ್ಯೆ ಬರೆದು, ಎತ್ತಿ, ಅಡಿಯ ಮಣ್ಣನ್ನು ಸಮಮಾಡಿ, ಅದೇ ಜಾಗದಲ್ಲಿ ಮತ್ತೆ ಕೂರಿಸಿದೆವು. ನುಣುಪಾದ ಗ್ರಾನೈಟಿನ ಮೇಲೆ ಅಭಿಷೇಕದ ನೀರು ಬಿದ್ದರೆ ಜಾರುತ್ತದೆ ಎಂಬ ಒಂದೇ ಮಾತು ನಮ್ಮ ಹಿರಿಯರನ್ನು ಒಪ್ಪಿಸಿತು.

ನಿಮ್ಮ ದೊಡ್ಡಪ್ಪನವರ ಹರಕೆಯನ್ನು ನಿಲ್ಲಿಸಬೇಡಿ, ಅದನ್ನು ಮಾಳಿಗೆಯ ಕಡೆಗೆ ತಿರುಗಿಸಿ. ದೇವರ ತಲೆಯ ಮೇಲಿನ ಸೂರು ಸೋರುತ್ತಿರುವಾಗ ಮೊದಲ ಸೇವೆ ಅದಕ್ಕೇ ಸಲ್ಲಬೇಕೆಂದು ವಿನಯದಿಂದ ಕೇಳಿಕೊಳ್ಳಿ. ಮುಜರಾಯಿ ಗುಡಿಯಾದ್ದರಿಂದ ಇಲಾಖೆಯ ಅನುಮತಿಯಿಲ್ಲದೆ ಕೆಲಸ ಆರಂಭಿಸುವಂತಿಲ್ಲ. ತಹಸೀಲ್ದಾರರಿಗೆ ಅರ್ಜಿ ಕೊಡುವಾಗ ರಾಜ್ಯ ಪುರಾತತ್ವ ಇಲಾಖೆಯಿಂದ ಸ್ಥಳ ಪರಿಶೀಲನೆ ಮಾಡಿಸುವಂತೆ ಅದರಲ್ಲೇ ಬರೆಯಿರಿ. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಸರ್ಕಾರ ಮತ್ತು ಊರಿನವರ ಪಾಲಿನೊಂದಿಗೆ ಹಳೆಯ ಗುಡಿಗಳನ್ನು ಮೂಲ ರೂಪದಲ್ಲಿ ಉಳಿಸುವ ಕೆಲಸ ಮಾಡುತ್ತ ಬಂದಿದೆ, ಅಲ್ಲಿಗೂ ಬರೆಯಬಹುದು.

ಕೆರೆಏರಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಒಳಗೆ ಹೋಗಿ ನೋಡಿದೆ. ಭುವನೇಶ್ವರಿಯ ತಾವರೆಯ ಸುತ್ತ ಬಿಳಿಯ ಪುಡಿ ಇದೆ, ಬೆರಳಿಗೆ ಅಂಟುತ್ತದೆ. ದೊಡ್ಡಪ್ಪನವರು ಮಾಳಿಗೆಯ ಮಾತನ್ನು ಕೇಳಿ ಏನೂ ಹೇಳಲಿಲ್ಲ, ಆದರೆ ಗ್ರಾನೈಟಿನ ಅಂಗಡಿಗೆ ಮುಂಗಡ ಕೊಡುವುದನ್ನು ಸದ್ಯಕ್ಕೆ ತಡೆದಿದ್ದಾರೆ. ಇನ್ನೊಂದು ಸಂಗತಿ ಕೇಳಬೇಕಿತ್ತು. ಮಾಳಿಗೆಯ ವಾಯವ್ಯ ಮೂಲೆಯಲ್ಲಿ ಆಳೆತ್ತರದ ಅರಳಿ ಗಿಡ ಬೆಳೆದಿದೆ. ಹುಡುಗರು ಹಗ್ಗ ಕಟ್ಟಿ ಕಿತ್ತುಬಿಡುತ್ತೇವೆ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ 4 | ಸುಣ್ಣದಗಾರೆ

ಖಂಡಿತ ಬೇಡ. ಆಳೆತ್ತರದ ಅರಳಿಯ ಬೇರು ಆಗಲೇ ಕಲ್ಲಿನ ಸಂದುಗಳಲ್ಲಿ ದೂರದವರೆಗೆ ಹೋಗಿರುತ್ತದೆ, ಎಳೆದರೆ ಚಪ್ಪಡಿಯೂ ಜೊತೆಗೆ ಏಳುತ್ತದೆ. ಸದ್ಯಕ್ಕೆ ಕಾಂಡವನ್ನು ಕೈಗರಗಸದಿಂದ ಬುಡದಲ್ಲಿ ಕೊಯ್ಯಿಸಿ, ಮತ್ತೆ ಚಿಗುರಿದಂತೆಲ್ಲ ಚಿವುಟುತ್ತಿರಿ. ಎಲೆಯಿಲ್ಲದ ಬೇರು ನಿಧಾನವಾಗಿ ಸೊರಗುತ್ತದೆ. ಮಾಳಿಗೆಯ ಕಾಂಕ್ರೀಟ್ ತೆಗೆಯುವಾಗ ಆ ಮೂಲೆಯ ಕಲ್ಲುಗಳಿಗೂ ಸಂಖ್ಯೆ ಬರೆದು ಬಿಚ್ಚಿ, ಬೇರನ್ನು ಪೂರ್ತಿಯಾಗಿ ತೆಗೆದು ಮತ್ತೆ ಜೋಡಿಸಬೇಕಾಗುತ್ತದೆ. ಕೊಯ್ಯುವ ಮೊದಲು ನಾಲ್ಕೂ ಕಡೆಯಿಂದ ಅಳತೆಪಟ್ಟಿಯಿಟ್ಟು ಚಿತ್ರ ತೆಗೆದಿಡಿ. ಸಂದುಗಳು ಎಷ್ಟು ಬಿಟ್ಟಿವೆ ಎಂಬುದು ಸ್ಥಳ ಪರಿಶೀಲನೆಗೆ ಬರುವವರಿಗೆ ಬೇಕಾಗುತ್ತದೆ.