ಗೆದ್ದ ತಂಡವನ್ನು ಒಡೆಯಬೇಕಾ? ಕೋಚ್ ಸರ್ ಉತ್ತರಗಳು

ಪ್ರಶ್ನೆ (ಗದಗ, ಇಂಜಿನಿಯರಿಂಗ್ ವಿದ್ಯಾರ್ಥಿ): ನಮಸ್ಕಾರ ಸರ್. ನಾನು ಬಾಸ್ಟನ್ ಸೆಲ್ಟಿಕ್ಸ್ ಅಭಿಮಾನಿ. 2024ರಲ್ಲಿ ಡಲ್ಲಾಸ್‌ನ್ನು 4–1ರಿಂದ ಸೋಲಿಸಿ 18ನೇ ಸಲ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಗೆದ್ದರು. ಮರುವರ್ಷವೇ ಆ ತಂಡದ ಜ್ರೂ ಹಾಲಿಡೇ ಪೋರ್ಟ್‌ಲ್ಯಾಂಡ್‌ಗೆ, ಪೋರ್ಜಿಂಗಿಸ್ ಅಟ್ಲಾಂಟಾಕ್ಕೆ. ಗೆದ್ದ ತಂಡವನ್ನು ಹಾಗೇ ಬಿಡಬಾರದಾ? ಜೇಲನ್ ಬ್ರೌನ್‌ನನ್ನೂ ಟ್ರೇಡ್ ಮಾಡಬೇಕಿತ್ತು (ಬೇರೆ ತಂಡಕ್ಕೆ ಕೊಟ್ಟು ಬದಲು ಆಟಗಾರರನ್ನು ತರಬೇಕಿತ್ತು) ಅಂತ ನನ್ನ ರೂಮ್‌ಮೇಟ್ ವಾದ. ಹಾಸ್ಟೆಲ್‌ನಲ್ಲಿ ದಿನಾ ಇದೇ ಜಗಳ. ನೀವೇ ತೀರ್ಪು ಕೊಡಿ.

ಕೋಚ್ (ಧಾರವಾಡ): ತಮ್ಮಾ, ನನ್ನ ಓಟು ನಿನ್ನ ಕಡೆಗೇ. ಆದರೆ ಪೂರ್ತಿ ಅಲ್ಲ.

ಬಾಸ್ಟನ್ ಅವರಿಬ್ಬರನ್ನು ಬಿಟ್ಟಿದ್ದು ಆಟ ಕೆಟ್ಟಿತು ಅಂತಲ್ಲ, ಸಂಬಳದ ಹೊರೆ ತಾಳಲಾರದೆ. ಆಟಗಾರರ ಸಂಘದ ಜೊತೆಗಿನ 2023ರ ಒಪ್ಪಂದದಲ್ಲಿ ಎನ್‌ಬಿಎ ತಂಡಗಳ ಸಂಬಳಕ್ಕೆ ಇನ್ನೊಂದು ಗೆರೆ ಎಳೆಯಿತು. ಸೆಕೆಂಡ್ ಏಪ್ರನ್ ಅಂತ ಅದರ ಹೆಸರು. 2025-26ಕ್ಕೆ ಅದು ಸುಮಾರು 20.8 ಕೋಟಿ ಡಾಲರ್. ಅದನ್ನು ದಾಟಿದವರು ತೆರಿಗೆ ಕಟ್ಟಿ ಕೈತೊಳೆದುಕೊಳ್ಳುವ ಹಾಗಿಲ್ಲ. ಇಬ್ಬರ ಸಂಬಳ ಕೂಡಿಸಿ ಅವರ ಬದಲು ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ. ಟ್ರೇಡ್‌ನಲ್ಲಿ ಮೇಲೆ ನಗದು ಕೊಡುವಂತಿಲ್ಲ. ಅತ್ತ ತಂಡದ ಮುಖ್ಯ ಆಟಗಾರ ಟೇಟಮ್ ಜೊತೆ 2024ರಲ್ಲಿ ಮಾಡಿದ ಕರಾರು ಐದು ವರ್ಷಕ್ಕೆ 31.4 ಕೋಟಿ ಡಾಲರ್. ಇದರ ಮೇಲೆ 2025ರ ಮೇನಲ್ಲಿ ನ್ಯೂಯಾರ್ಕ್ ವಿರುದ್ಧ ಆಡುವಾಗ ಅವನ ಅಕಿಲಿಸ್ (ಹಿಮ್ಮಡಿಯ ಸ್ನಾಯುರಜ್ಜು) ಹರಿಯಿತು. ಮುಖ್ಯ ಆಟಗಾರನೇ ತಿಂಗಳುಗಟ್ಟಲೆ ಮಲಗಿದಾಗ ಅಷ್ಟು ದುಡ್ಡು ಯಾರು ಸುರಿಯುತ್ತಾರೆ?

ಆದರೂ ಅಂಥ ಬಿಗಿಯಲ್ಲೂ ಆ ಬೇಸಿಗೆ ಟೇಟಮ್, ಬ್ರೌನ್, ಡೆರಿಕ್ ವೈಟ್ ಮೂವರನ್ನು ಅವರು ಮುಟ್ಟಲಿಲ್ಲ. ಅದು ಸರಿ ಅನ್ನೋದೇ ನನ್ನ ತೀರ್ಪು. ಆಟ ಯಾರ ಸುತ್ತ ತಿರುಗುತ್ತದೋ ಆ ಒಬ್ಬಿಬ್ಬರನ್ನು ಬಿಡಬಾರದು. ಉಳಿದವರನ್ನು ಬದಲಾಯಿಸಲು ಹೆದರಬಾರದು.

ಬಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಡೆಟ್ರಾಯಿಟ್ ಪಿಸ್ಟನ್ಸ್ ನೋಡು. 2003ರಿಂದ 2008ರವರೆಗೆ ಸತತ ಆರು ವರ್ಷ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್ (ಎನ್‌ಬಿಎಯ ಪೂರ್ವ ವಿಭಾಗದ ಫೈನಲ್) ಆಡಿದರು, 2004ರಲ್ಲಿ ಚಾಂಪಿಯನ್ ಕೂಡ ಆದರು. ಆದರೆ ಕೊನೆಯ ಮೂರು ವರ್ಷ ಸತತ ಅದೇ ಹಂತದಲ್ಲಿ ಸೋಲು. ಎಲ್ಲರಿಗೂ ಬೇಸರ ಬಂತು. 2008ರ ನವೆಂಬರ್‌ನಲ್ಲಿ ಪಾಯಿಂಟ್ ಗಾರ್ಡ್ (ಚೆಂಡು ನಡೆಸಿ ಆಟ ಕಟ್ಟುವವ) ಚಾನ್ಸಿ ಬಿಲಪ್ಸ್‌ನನ್ನು ಡೆನ್ವರ್‌ಗೆ ಕೊಟ್ಟು ಅಲೆನ್ ಐವರ್ಸನ್‌ನನ್ನು ತಂದರು.

ಹೆಸರಿನಲ್ಲಿ ಐವರ್ಸನ್ನೇ ದೊಡ್ಡವ. ಅಂಗಳದಲ್ಲಿ ಏನಾಯಿತು ಕೇಳು. ಆ ತಂಡದ ರಿಚರ್ಡ್ ಹ್ಯಾಮಿಲ್ಟನ್ ಚೆಂಡಿಲ್ಲದೆ ಓಡುವ ಆಟಗಾರ. ಬೇಸ್‌ಲೈನ್ ಹತ್ತಿರ ಹೊರಡುತ್ತಾನೆ. ಸ್ಕ್ರೀನ್ ಹಾಕಿ, ಅಂದರೆ ಎದುರಾಳಿಗೆ ಅಡ್ಡವಾಗಿ, ನಿಂತ ಜೊತೆಗಾರನ ಸೊಂಟಕ್ಕೆ ಭುಜ ಉಜ್ಜಿ ತಿರುಗುತ್ತಾನೆ. ಇನ್ನೊಂದು ಸ್ಕ್ರೀನ್ ದಾಟಿ ಕೈ ಎತ್ತುತ್ತಾನೆ. ಅಷ್ಟೊತ್ತಿಗೆ ಚೆಂಡು ಅಲ್ಲಿರಬೇಕು. ಅರ್ಧ ಸೆಕೆಂಡ್ ತಡವಾದರೂ ಡಿಫೆಂಡರ್ ಮುಖದ ಮುಂದೆ ಹಾಜರ್. ಬಿಲಪ್ಸ್‌ಗೆ ಆ ಹೊತ್ತು ಸರಿಯಾಗಿ ಗೊತ್ತಿತ್ತು. ಐವರ್ಸನ್ ಚೆಂಡು ಇಟ್ಟುಕೊಂಡು, ಎದುರಿನವನನ್ನು ಆಡಿಸಿ, ತಾನೇ ನುಗ್ಗುವವ. ಅದು ತಪ್ಪಲ್ಲ, ಅವನ ಆಟವೇ ಹಾಗೆ. ಆದರೆ ಆ ತಂಡಕ್ಕೆ ಅದು ಹೊಂದಲಿಲ್ಲ.

ಆ ಸೀಸನ್ 39 ಗೆಲುವು, 43 ಸೋಲು. ಪ್ಲೇಆಫ್ ಮೊದಲ ಸುತ್ತಿನಲ್ಲೇ ಕ್ಲೀವ್‌ಲ್ಯಾಂಡ್ 4–0ರಿಂದ ಮನೆಗೆ ಕಳಿಸಿತು. ಮತ್ತೆ ಪ್ಲೇಆಫ್ ಕಂಡಿದ್ದು 2016ರಲ್ಲಿ. ಅತ್ತ ಡೆನ್ವರ್ ಬಿಲಪ್ಸ್ ಬಂದ ವರ್ಷವೇ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್ ಆಡಿತು.

ಪ್ರಶ್ನೆ (ಹುಬ್ಬಳ್ಳಿ, ಬ್ಯಾಂಕ್ ನೌಕರ): ಟೊರಾಂಟೊ ಬಗ್ಗೆ ಏನಂತೀರಿ ಸರ್? 2017-18ರಲ್ಲಿ 59 ಪಂದ್ಯ ಗೆದ್ದ ತಂಡ. ಒಂಬತ್ತು ಸೀಸನ್ ಆಡಿದ ಡಿಮಾರ್ ಡಿರೋಜನ್‌ನನ್ನೇ ಕೊಟ್ಟು ಕವಾಯ್ ಲೆನಾರ್ಡ್‌ನನ್ನು ತಂದರು. 2019ರಲ್ಲಿ ಕಪ್ ಬಂತು. ನಿಮ್ಮ ಮಾತು ಇಲ್ಲಿ ನಿಲ್ಲಲ್ಲ ಅಲ್ವಾ?

ಕೋಚ್: ಒಳ್ಳೆ ಪಟ್ಟು ಹಾಕಿದ್ರಿ. ಆದರೆ ಆ ತಂಡ ಸೋತಿದ್ದು ಹೇಗೆ ನೋಡಿ. 2016, 2017, 2018, ಮೂರೂ ವರ್ಷ ಲೆಬ್ರಾನ್‌ನ ಕ್ಲೀವ್‌ಲ್ಯಾಂಡ್‌ಗೇ ಶರಣು. ಕೊನೆಯ ಎರಡು ಸಲ 4–0. ಅಲ್ಲಿಗೆ ಇದ್ದವರ ಶಕ್ತಿ ಎಷ್ಟು ಅಂತ ಗೊತ್ತಾಗಿತ್ತು. ಬದಲಿಗೆ ಬರುವವನು 2014ರ ಫೈನಲ್ಸ್ ಎಂವಿಪಿ, ಅಂದರೆ ಫೈನಲ್‌ನ ಶ್ರೇಷ್ಠ ಆಟಗಾರ. ಆಗಲೂ ಚೆಂಡು ನಡೆಸುವ ಕೈಲ್ ಲೌರಿಯನ್ನು ಅವರು ಕೊಡಲಿಲ್ಲ. ನಾನು ಹೇಳೋದೂ ಇದೇ.

ಲೆಬ್ರಾನ್ ಅದೇ ಬೇಸಿಗೆ ಲಾಸ್ ಏಂಜಲೀಸ್‌ಗೆ ಹೋದ, ಡಿರೋಜನ್ ಇದ್ದಿದ್ದರೂ ಗೆಲ್ಲುತ್ತಿದ್ದರು ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಫಿಲಡೆಲ್ಫಿಯಾ ವಿರುದ್ಧ ಏಳನೇ ಪಂದ್ಯದ ಕೊನೆಯ ಶಾಟ್ ನೆನಪಿದೆಯಾ? ರಿಂಗ್ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿತ್ತು. ಹೊಡೆದವನು ಕವಾಯ್. ಮೂಲೆಯಲ್ಲಿ, ಎತ್ತರದ ಎಂಬೀಡ್ ಮೈಮೇಲೆ ಬರುತ್ತಿರುವಾಗ ಅಂಥ ಶಾಟ್ ಹೊಡೆಯುವವರು ಎಷ್ಟು ಜನ ಸಿಗ್ತಾರೆ?

ಡಿರೋಜನ್‌ಗೆ ಮಾತ್ರ ನೋವಾಯಿತು. ಹೇಳಿದ್ದೊಂದು, ಮಾಡಿದ್ದೊಂದು ಅಂತ ಅವನು ಬರೆದುಕೊಂಡ. ಅದು ನ್ಯಾಯವಾದ ಮಾತೇ. ಕವಾಯ್ ಕಪ್ ಗೆದ್ದ ತಿಂಗಳೊಪ್ಪತ್ತಿನಲ್ಲೇ ಕ್ಲಿಪ್ಪರ್ಸ್ ಸೇರಿದ. ಒಂದೇ ವರ್ಷದ ಜೂಜು, ಗೆದ್ದಿತು ಅಷ್ಟೆ.

ಕವಾಯ್ ಹೆಸರು ಬಂದಿದ್ದಕ್ಕೆ ಇನ್ನೊಂದು. ಅವನ ಹಳೆಯ ತಂಡ ಸ್ಯಾನ್ ಆಂಟೋನಿಯೊ ಅವನನ್ನು ಪಡೆದಿದ್ದೂ ಟ್ರೇಡ್‌ನಲ್ಲೇ. 2011ರಲ್ಲಿ ಜಾರ್ಜ್ ಹಿಲ್‌ನನ್ನು ಇಂಡಿಯಾನಾಕ್ಕೆ ಕೊಟ್ಟರು. ಡಂಕನ್, ಪಾರ್ಕರ್, ಜಿನೋಬಿಲಿ ಮೂವರಿಗೆ ಕೈ ಹಚ್ಚಲಿಲ್ಲ. 2013ರ ಫೈನಲ್‌ನ ಆರನೇ ಪಂದ್ಯದಲ್ಲಿ ಕಪ್ ಕೈಗೆ ಬಂದೇಬಿಟ್ಟಿತ್ತು, ಮಯಾಮಿಯ ರೇ ಆಲೆನ್ ಮೂಲೆಯಿಂದ ಹೊಡೆದ ಮೂರು ಪಾಯಿಂಟ್ ಅದನ್ನು ಕಿತ್ತುಕೊಂಡಿತು. ಅಂಥ ಸೋಲಿನ ಮೇಲೆ ಬೇರೆ ತಂಡವಾಗಿದ್ದರೆ ಮುದುಕರನ್ನೆಲ್ಲ ಮಾರಿಬಿಡುತ್ತಿತ್ತು. ಇವರು ಅದೇ ಹುಡುಗರನ್ನು ಇಟ್ಟುಕೊಂಡು ಮರುವರ್ಷ ಅದೇ ಮಯಾಮಿಯನ್ನು 4–1ರಿಂದ ಹೊಡೆದರು.

ಗದಗದ ವಿದ್ಯಾರ್ಥಿ: ಸರ್, ರೂಮ್‌ಮೇಟ್ ಈಗ ಆರ್‌ಸಿಬಿ ಎಳೆದು ತಂದಿದ್ದಾನೆ. ಸಿರಾಜ್, ಮ್ಯಾಕ್ಸ್‌ವೆಲ್, ಡುಪ್ಲೆಸಿ ಎಲ್ಲರನ್ನೂ ಬಿಟ್ಟ ಮೇಲೇ 2025ರಲ್ಲಿ ಕಪ್ ಬಂತಂತೆ.

ಕೋಚ್: ಕೊಹ್ಲಿಯನ್ನು ಬಿಟ್ಟರಾ ಕೇಳು. ಪಾಟಿದಾರ್‌ನನ್ನೂ ಉಳಿಸಿಕೊಂಡಿದ್ದರು. ಡಲ್ಲಾಸ್ ನೋಡಲಿ ಅವನು. 2024ರಲ್ಲಿ ಫೈನಲ್ ಆಡಿದ ತಂಡ 2025ರ ಫೆಬ್ರುವರಿಯಲ್ಲಿ ಲೂಕಾ ಡಾನ್ಸಿಕ್‌ನನ್ನು ಲೇಕರ್ಸ್‌ಗೆ ಕೊಟ್ಟಿತು. ಬಂದಿದ್ದು ಆಂಥೊನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, ಮೇಲೊಂದು 2029ರ ಡ್ರಾಫ್ಟ್‌ನಲ್ಲಿ ಹೊಸ ಆಟಗಾರನನ್ನು ಆರಿಸುವ ಸರದಿ. ಡೇವಿಸ್ ಡಲ್ಲಾಸ್ ಪರ ಆಡಿದ ಮೊದಲ ಪಂದ್ಯದಲ್ಲೇ ಗಾಯಗೊಂಡ. ಟ್ರೇಡ್ ಮಾಡಿದ ಜನರಲ್ ಮ್ಯಾನೇಜರ್ ನವೆಂಬರ್‌ಗೆ ಮನೆಗೆ ಹೋದ.

ಪ್ರಶ್ನೆ (ಹಾವೇರಿ, ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕಿ): ಸರ್, ಅಮೆರಿಕ ಬಿಟ್ಟು ನಮ್ಮ ಅಂಗಳಕ್ಕೆ ಬನ್ನಿ. ಕಳೆದ ವರ್ಷ ನಮ್ಮ ಹುಡುಗರು ಅಂತರ ಕಾಲೇಜು ಟೂರ್ನಿಯ ಫೈನಲ್ ಆಡಿದರು. ಈ ಸಲ ಆರಡಿ ಮೂರಿಂಚಿನ ಹುಡುಗ ಸೇರಿದ್ದಾನೆ. ನಮ್ಮ ಪಾಯಿಂಟ್ ಗಾರ್ಡ್ ಕುಳ್ಳ. ಅವನನ್ನು ಕೂರಿಸಿ ಎತ್ತರದವನನ್ನು ಆಡಿಸಿ ಅಂತ ಎಲ್ಲರೂ ಹೇಳ್ತಾರೆ. ಏನು ಮಾಡಲಿ?

ಕೋಚ್: ಮೇಡಂ, ಗಾರ್ಡ್‌ನನ್ನು ಮುಟ್ಟಬೇಡಿ. ಫೈನಲ್‌ಗೆ ತಂದವನು ಅವನೇ ಇರಬೇಕು. ಹಳೆಯ ಪಂದ್ಯದ ವಿಡಿಯೊ ಫೋನ್‌ನಲ್ಲಿ ಇದ್ದರೆ ಹಾಕಿ ನೋಡಿ. ಸ್ಕೋರ್ ಮಾಡಿದವನನ್ನು ನೋಡಬೇಡಿ, ಅವನಿಗೆ ಚೆಂಡು ಎಲ್ಲಿಂದ ಬಂತು ಅಂತ ನೋಡಿ.

ಎತ್ತರದವನು ಕೂರಿಸಬೇಕಾದದ್ದು ತನ್ನದೇ ಜಾಗದ, ರಿಂಗ್ ಹತ್ತಿರ ಆಡುವ ಹಳೆಯ ಸೆಂಟರ್‌ನನ್ನು. ಅದೂ ತಕ್ಷಣ ಅಲ್ಲ. ಮೊದಲು ಎರಡನೇ ಕ್ವಾರ್ಟರ್‌ನಲ್ಲಿ ಇಳಿಸಿ, ಗಾರ್ಡ್ ಜೊತೆಯಲ್ಲೇ ಇರಲಿ. ಪ್ರಾಕ್ಟೀಸ್ ಮುಗಿದ ಮೇಲೆ ಇಬ್ಬರನ್ನೇ ನಿಲ್ಲಿಸಿಕೊಂಡು ಪಿಕ್ ಅಂಡ್ ರೋಲ್ ಮಾಡಿಸಿ. ಹೊಸಬರು ಸ್ಕ್ರೀನ್ ಹಾಕಿ ಅಲ್ಲೇ ಕಂಬದ ಹಾಗೆ ನಿಂತುಬಿಡ್ತಾರೆ. ಗಾರ್ಡ್ ಭುಜ ದಾಟಿದ ಕೂಡಲೇ ಹಿಂಗಾಲ ಮೇಲೆ ತಿರುಗಿ, ಕೈ ತೋರಿಸುತ್ತಾ ರಿಂಗ್ ಕಡೆ ಓಡಬೇಕು. ಇದು ಮೈಗೆ ಹತ್ತಲು ತಿಂಗಳುಗಟ್ಟಲೆ ಬೇಕು, ಹಾಗಾಗಿ ಟೂರ್ನಿ ಹತ್ತಿರ ಬರುವವರೆಗೆ ಕಾಯಬೇಡಿ.

ಹಳೆಯ ಸೆಂಟರ್‌ಗೆ ನೀವೇ ಕರೆದು ಹೇಳಿ. ನೋಟಿಸ್ ಬೋರ್ಡ್‌ನಲ್ಲಿ ಓದಿ ತಿಳಿಯೋದು ಬೇಡ. ಫೌಲ್ ಆಗಿ ಎತ್ತರದವನು ಹೊರಬಂದ ದಿನ ಅವನೇ ಬೇಕಾಗ್ತಾನೆ.