ದಾವಣಗೆರೆ–ಹಿರಿಯೂರು ಹಿಲ್‌ಶೇಡ್: ಬೆಟ್ಟ ಕಾಣ್ತಿಲ್ಲ, ಬರೀ ಕಪ್ಪು-ಬಿಳಿ ಚುಕ್ಕೆ

ಕೋಟೆನಾಡು:
ದಾವಣಗೆರೆಯಿಂದ ಚಿತ್ರದುರ್ಗ ದಾಟಿ ಹಿರಿಯೂರಿನವರೆಗೆ ಒಂದು ಎ3 ನಕ್ಷೆ ಬೇಕು, 1:2,50,000 ಅಳತೆಗೆ. ಕ್ಯೂಜಿಐಎಸ್‌ನಲ್ಲಿ (ನಕ್ಷೆ ಮಾಡೋ ಸಾಫ್ಟ್‌ವೇರ್) 30 ಮೀಟರಿನ ಎಸ್‌ಆರ್‌ಟಿಎಂ (ನೆಲದ ಎತ್ತರದ ಡೇಟಾ) ಟೈಲ್ ನಾಲ್ಕು ಹಾಕಿ, ಒಂದೊಂದಕ್ಕೂ ಹಿಲ್‌ಶೇಡ್, ಅಂದ್ರೆ ಬೆಟ್ಟದ ನೆರಳು-ಬೆಳಕಿನ ಚಿತ್ರ ತೆಗೆದೆ. ಬೆಳಕಿನ ದಿಕ್ಕು 315 ಡಿಗ್ರಿ, ಬೆಳಕಿನ ಎತ್ತರ 45 ಡಿಗ್ರಿ, ಝಡ್ ಫ್ಯಾಕ್ಟರ್ (ನೆಲದ ಎತ್ತರವನ್ನ ಎಷ್ಟು ಪಟ್ಟು ಹಿಗ್ಗಿಸೋದು) 1. ಬರೀ ಚುಕ್ಕೆ ಬರ್ತಿದೆ, ಟೈಲ್ ಕೂಡೋ ಕಡೆ ಗೆರೆ ಬೇರೆ. ಎಲ್ಲಿ ತಪ್ಪಿದೆ?

ನಕ್ಷೆಗಾರ_ಡಿವಿಜಿ:
ಎರಡು ಬೇರೆ ಬೇರೆ ಸಮಸ್ಯೆ ಸರ್. ಚುಕ್ಕೆ ಬರೋದು ಅಳತೆಯಿಂದ. ಟೈಲ್‌ನಲ್ಲಿ ಎತ್ತರ ಮೀಟರಿನಲ್ಲಿದೆ, ಅಡ್ಡಳತೆ ಡಿಗ್ರಿಯಲ್ಲಿದೆ. ಒಂದು ಡಿಗ್ರಿಯನ್ನೇ ಒಂದು ಮೀಟರ್ ಅಂತ ತಿಳಿದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತೆ, ಹಾಗಾಗಿ ಬಯಲೂ ಕಡಿದಾದ ಗೋಡೆ ಆಗಿಬಿಡುತ್ತೆ. ಗೆರೆ ಬರೋದಕ್ಕೆ ಕಾರಣ ಬೇರೆ: ಪ್ರತಿ ಚೌಕಕ್ಕೂ ಸುತ್ತಲಿನ ಎಂಟು ಚೌಕದ ಎತ್ತರ ಬೇಕು, ಟೈಲಿನ ಅಂಚಿನಲ್ಲಿ ಅವು ಸಿಗಲ್ಲ. 76 ಡಿಗ್ರಿ ರೇಖಾಂಶ ದಾವಣಗೆರೆಯ ಪಕ್ಕದಲ್ಲೇ, 14 ಡಿಗ್ರಿ ಅಕ್ಷಾಂಶ ಹಿರಿಯೂರಿಗೆ ಸ್ವಲ್ಪ ಉತ್ತರಕ್ಕೇ ಹಾಯೋದರಿಂದ ಗೆರೆ ನಿಮ್ಮ ನಕ್ಷೆಯೊಳಗೇ ಬೀಳುತ್ತೆ.

ಮೊದಲು ನಾಲ್ಕನ್ನೂ ವರ್ಚುವಲ್ ರಾಸ್ಟರ್ (ಎಲ್ಲ ಟೈಲನ್ನೂ ಒಂದೇ ಪದರವಾಗಿ ತೋರಿಸೋ ಫೈಲ್) ಮಾಡಿ ಸೇರಿಸಿ. ಆಮೇಲೆ ವಾರ್ಪ್ ಅನ್ನೋ ಟೂಲ್‌ನಲ್ಲಿ ಡಿಗ್ರಿ ಬಿಟ್ಟು ಮೀಟರಿನಲ್ಲಿ ಅಳೆಯೋ ಇಪಿಎಸ್‌ಜಿ 32643 ಪ್ರೊಜೆಕ್ಷನ್‌ಗೆ (ಯುಟಿಎಂ 43 ಉತ್ತರ) ತನ್ನಿ. ರೀಸ್ಯಾಂಪ್ಲಿಂಗ್ (ಹೊಸ ಚೌಕಗಳ ಎತ್ತರ ಲೆಕ್ಕ ಹಾಕೋ ವಿಧಾನ) ಡಿಫಾಲ್ಟ್ ಆಗಿ ನಿಯರೆಸ್ಟ್ ನೇಬರ್ ಇರುತ್ತೆ, ಅದನ್ನ ಹಾಗೇ ಬಿಟ್ಟರೆ ನೆರಳಿನ ಮೇಲೆ ಬಲೆ ಹಾಸಿದ ಹಾಗೆ ಗೀಟು ಬೀಳುತ್ತೆ, ಕ್ಯೂಬಿಕ್ ಇಡಿ. ಹಿಲ್‌ಶೇಡ್ ಕೊನೆಗೆ. ನಿಮ್ಮ ಅಳತೆಗೆ 30 ಮೀಟರ್ ಅಂದ್ರೆ ಕಾಗದದ ಮೇಲೆ 0.12 ಮಿ.ಮೀ. ಅಷ್ಟು ಸೂಕ್ಷ್ಮ ಬೇಡ, ಕೊರಕಲು ಜಾಸ್ತಿಯಾಗುತ್ತೆ. ಹಿಲ್‌ಶೇಡ್‌ಗೆ ಮೊದಲೇ ಆವರೇಜ್‌ (ಸರಾಸರಿ) ವಿಧಾನದಲ್ಲಿ 60 ಮೀಟರಿಗೆ ಇಳಿಸಿದರೆ ಬೆಟ್ಟದ ಮೈ ಚೆನ್ನಾಗಿ ಬರುತ್ತೆ.

ಬಂಡೆಸಾಲು:
ಮೇಲಿನದೆಲ್ಲ ಸರಿ. ಆದ್ರೆ 315 ಹಾಗೇ ಬಿಡಬೇಡಿ. ಚಿತ್ರದುರ್ಗದ ಶಿಸ್ಟ್ (ಪದರ ಪದರವಾದ ಕಲ್ಲು) ಪಟ್ಟಿಯ ಬೆಟ್ಟಸಾಲುಗಳು ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಓಡ್ತವೆ. ವಾಯವ್ಯದ ಬೆಳಕು ಸಾಲಿನ ಉದ್ದಕ್ಕೇ ಸವರಿಕೊಂಡು ಹೋಗುತ್ತೆ, ಎರಡೂ ಇಳಿಜಾರು ಒಂದೇ ಬೂದು. 275–285ಕ್ಕೆ ತಿರುಗಿಸಿ, ಪೂರ್ವದ ಮೈಗೆ ನೆರಳು ಬಿದ್ದು ಸಾಲು ಎದ್ದು ನಿಲ್ಲುತ್ತೆ. ದಕ್ಷಿಣದ ಕಡೆಗೆ ಮಾತ್ರ ಒಯ್ಯಬೇಡಿ, ಕಣ್ಣಿಗೆ ಕಣಿವೆ ಗುಡ್ಡವಾಗಿ ಕಾಣುತ್ತೆ. ಕೋಟೆಯ ಬಂಡೆಗುಡ್ಡಗಳಿಗೆ ಇಂಥದ್ದೇ ದಿಕ್ಕು ಅಂತಿಲ್ಲ, ಅಲ್ಲಿ ಮಲ್ಟಿಡೈರೆಕ್ಷನಲ್ (ಹಲವು ದಿಕ್ಕಿನ ಬೆಳಕು) ಒಪ್ಪುತ್ತೆ. ಝಡ್ 1.5 ಸಾಕು. ದಾವಣಗೆರೆ ಸುತ್ತಿನ ಗದ್ದೆಬಯಲು ಸಪಾಟು ಅಂತ ಝಡ್ 4–5ಕ್ಕೆ ಏರಿಸಿದರೆ ಡೇಟಾದ ಗದ್ದಲವೇ ದಿಬ್ಬಗಳಾಗಿ ಕಾಣುತ್ತೆ.

ಕೋಟೆನಾಡು:
ಬೆಟ್ಟ ಬಂತು, ಗೆರೆ ಹೋಯ್ತು. ಆದ್ರೆ ಬಣ್ಣದ ಪದರದ ಮೇಲೆ ಹಿಲ್‌ಶೇಡನ್ನ ಮಲ್ಟಿಪ್ಲೈ ಮೋಡ್‌ನಲ್ಲಿ ಇಟ್ಟರೆ ಇಡೀ ನಕ್ಷೆ ಮಂಕು.

ನಕ್ಷೆಗಾರ_ಡಿವಿಜಿ:
ಬೆಳಕು 45 ಡಿಗ್ರಿಯಲ್ಲಿದ್ರೆ ಸಮತಟ್ಟು ನೆಲದ ಹೊಳಪಿನ ಬೆಲೆ 255ಕ್ಕೆ (ಪೂರ್ತಿ ಬಿಳಿ) ಸುಮಾರು 181. ಮಲ್ಟಿಪ್ಲೈ ಅದನ್ನೂ ಬಣ್ಣಕ್ಕೆ ಗುಣಿಸುತ್ತೆ, ಅದಕ್ಕೇ ಮಂಕು. ಹಿಲ್‌ಶೇಡ್ ಪದರದ ಸ್ಟೈಲ್‌ನಲ್ಲಿ ಮ್ಯಾಕ್ಸ್ 181 ಮಾಡಿ, ಬಯಲು ಬೆಳ್ಳಗಾಗಿ ನೆರಳು ಮಾತ್ರ ಉಳಿಯುತ್ತೆ. ಬೆಳಕು ಬಿದ್ದ ಮೈಯ ವಿವರವೂ ಸ್ವಲ್ಪ ಬೇಕು ಅಂದ್ರೆ 205ರ ಹತ್ತಿರ ನಿಲ್ಲಿಸಿ. ಪ್ರಿಂಟ್‌ನಲ್ಲಿ ಪರದೆಗಿಂತ ಕಪ್ಪಾಗೇ ಬರುತ್ತೆ. ಹಿಲ್‌ಶೇಡ್‌ನ ಒಪ್ಯಾಸಿಟಿ (ಪದರದ ಗಾಢತೆ) ಶೇ. 60ಕ್ಕೆ ಇಳಿಸಿ, ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟದ ಭಾಗವನ್ನಷ್ಟೇ ಎ4ನಲ್ಲಿ ತೆಗೆದು ನೋಡಿ.